ರೆಮಿಂಗ್ಟನ್ 870 ವಿಂಗ್‌ಮಾಸ್ಟರ್: ಹದಿನಾಲ್ಕು ವರ್ಷಗಳ ಬಳಕೆಯಲ್ಲಿ ಸವೆದದ್ದು, ಸವೆಯದೆ ಉಳಿದದ್ದು

ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಮೂರನೆಯ ವರ್ಷದಲ್ಲಿ ನಾನು ಕೊಂಡ 12 ಬೋರಿನ ರೆಮಿಂಗ್ಟನ್ 870 ವಿಂಗ್‌ಮಾಸ್ಟರ್ ಆಗಲೇ ಇನ್ನೊಬ್ಬರ ಕೈಯಲ್ಲಿ ಮೂವತ್ತು ವರ್ಷ ಬಾಳಿದ ಪಂಪ್ ಕೋವಿಯಾಗಿತ್ತು, ಅಂದರೆ ಪ್ರತಿ ಗುಂಡಿನ ನಂತರ ಮುಂಬದಿಯ ಹಿಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿ ಹೊಸ ತೋಟಾ ಏರಿಸುವ ಕೋವಿ. ವಾರಾಂತ್ಯದಲ್ಲಿ ಹಾರುವ ಬಿಲ್ಲೆಗಳಿಗೆ ಗುರಿಯಿಡಲು, ವರ್ಷಕ್ಕೆ ನಾಲ್ಕೈದು ದಿನ ಫೆಸಂಟ್ ಹಕ್ಕಿಯ ಬೇಟೆಗೆ ಅದನ್ನು ಬಳಸಿದ್ದೇನೆ. ನಾನು ಬರೆದಿಟ್ಟ ಲೆಕ್ಕದ ಪ್ರಕಾರ ಈ ಹದಿನಾಲ್ಕು ವರ್ಷಗಳಲ್ಲಿ ಒಂಬತ್ತು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ತೋಟಾಗಳು ಅದರಿಂದ ಹಾರಿವೆ. ಹಳೆಯ 870 ಸಿಕ್ಕರೆ ಕೊಳ್ಳಬಹುದೇ ಎಂದು ಇಲ್ಲಿನ ಕನ್ನಡಿಗ ಸ್ನೇಹಿತರು ಕೇಳುತ್ತಲೇ ಇರುವುದರಿಂದ ಉತ್ತರವನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಕೊಡಗಿನ ನಮ್ಮ ಮನೆಯಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್‌ಪೂ (ಕೋವಿ ಹೂವು) ಇಟ್ಟು ಪೂಜಿಸುತ್ತಿದ್ದುದು ಜೋಡುನಳಿಗೆಯ ಕೋವಿಯನ್ನು. ಅದರಲ್ಲಿ ಮಡಚುವ ಕೀಲು ಮತ್ತು ಅದರ ಬೀಗ ಗಟ್ಟಿಯಾಗಿದ್ದರೆ ಉಳಿದದ್ದರ ಬಗ್ಗೆ ಅಜ್ಜ ಹೆಚ್ಚು ಚಿಂತಿಸುತ್ತಿರಲಿಲ್ಲ. ಪಂಪ್ ಕೋವಿಯಲ್ಲಿ ಹಾಗಲ್ಲ. ಪ್ರತಿ ಗುಂಡಿಗೂ ಹತ್ತಾರು ಸಣ್ಣ ಭಾಗಗಳು ಸರದಿಯಲ್ಲಿ ಚಲಿಸುತ್ತವೆ, ಆದ್ದರಿಂದ ಅದರ ಬಾಳಿಕೆಯನ್ನು ನಳಿಗೆಯ ಹೊಳಪು ನೋಡಿ ಅಳೆಯಲಾಗದು.

ದೊಡ್ಡ ಭಾಗಗಳ ವಿಷಯದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. 1950ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ರಿಸೀವರನ್ನು, ಅಂದರೆ ಒಳಭಾಗಗಳನ್ನು ಹೊತ್ತ ನಡುವಣ ಚೌಕಟ್ಟನ್ನು, ಉಕ್ಕಿನ ಗಟ್ಟಿಯಿಂದಲೇ ಕಡೆದು ಮಾಡುತ್ತಾರೆ, ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟಿನಿಂದ ಮೇಲೇಳುವ ಬೀಗದ ತುಂಡು ನೇರವಾಗಿ ನಳಿಗೆಯ ಹಿಂಬದಿಯ ಚಾಚಿನಲ್ಲಿರುವ ಕಚ್ಚಿಗೆ ಕೂರುತ್ತದೆ. ಹೀಗಾಗಿ ಸಿಡಿತದ ಒತ್ತಡವನ್ನು ಬೋಲ್ಟು ಮತ್ತು ನಳಿಗೆ ತಮ್ಮತಮ್ಮಲ್ಲೇ ತಾಳಿಕೊಳ್ಳುತ್ತವೆ, ರಿಸೀವರಿನ ಗೋಡೆಗೆ ಆ ಭಾರ ಬೀಳುವುದಿಲ್ಲ. ನನ್ನ ಕೋವಿಯಲ್ಲಿ ಮುಂಬದಿಯ ಹಿಡಿಯನ್ನು ಬೋಲ್ಟಿಗೆ ಜೋಡಿಸುವ ಎರಡು ಪಟ್ಟಿಗಳ ಮೇಲಿನ ಕಪ್ಪುಬಣ್ಣ ಉಜ್ಜಿಹೋಗಿ ಬೆಳ್ಳಿಗೆರೆಗಳು ಮೂಡಿವೆ, ಆದರೆ ಬೀಗ ಕೂರುವ ಕಚ್ಚಿನ ಅಂಚು ಬೆರಳಿಗೆ ಇಂದಿಗೂ ಚೂಪಾಗಿಯೇ ತಾಗುತ್ತದೆ. ಈ ಪಟ್ಟಿಗಳು ಜೋಡಿಯಾಗಿರುವುದರಿಂದಲೇ ಎಳೆತ ಒಂದು ಪಕ್ಕಕ್ಕೆ ವಾಲದೆ ನಯವಾಗಿರುತ್ತದೆ. ಇಷ್ಟು ಬಳಕೆಯ ನಂತರ ಆ ನಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಸವೆತ ಕಾಣಿಸುವುದು ಸ್ಪ್ರಿಂಗುಗಳಲ್ಲಿ. ಐದನೆಯ ವರ್ಷದ ಹೊತ್ತಿಗೆ ತೋಟಾಗಳನ್ನು ತುಂಬಿಡುವ ಮ್ಯಾಗಜಿನ್ ಕೊಳವೆಯ ಕೊನೆಯ ತೋಟಾ ಹೊರಬರಲು ತಡವರಿಸತೊಡಗಿತು. ಕೊಳವೆಯ ತುದಿಯನ್ನು ಬಿಚ್ಚಿ ಸ್ಪ್ರಿಂಗನ್ನು ತೆಗೆದು ಹೊಸದರ ಪಕ್ಕದಲ್ಲಿಟ್ಟಾಗ ಹಳೆಯದು ಒಂದು ಗೇಣಿನಷ್ಟು ಗಿಡ್ಡವಾಗಿತ್ತು. ಇದು ದೋಷವಲ್ಲ, ವಯಸ್ಸು. ಹತ್ತು ನಿಮಿಷದ ಕೆಲಸ, ಖರ್ಚೂ ಅಲ್ಪ.

ಖಾಲಿ ತೋಟಾವನ್ನು ಹಿಡಿದೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರಿನ ವಿಷಯದಲ್ಲಿ ನಾನು ತಪ್ಪು ತೀರ್ಮಾನಕ್ಕೆ ಬಂದಿದ್ದೆ. ಒಂದು ಬೇಸಗೆಯಲ್ಲಿ ಖಾಲಿ ತೋಟಾಗಳು ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಕೋಣೆಯಲ್ಲೇ ಕಚ್ಚಿಕೊಂಡು, ಹಿಡಿಯನ್ನು ಜಗ್ಗಿದರೂ ಬರದಂತಾದಾಗ, ಕೊಕ್ಕೆ ಸವೆದಿದೆ ಎಂದುಕೊಂಡು ಹೊಸದನ್ನು ತರಿಸಿ ಅಡುಗೆಮನೆಯ ಮೇಜಿನ ಮೇಲೆ ಬದಲಿಸಿದೆ. ಹಳೆಯ ಕೊಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಹೊಸದರಷ್ಟೇ ನೆಟ್ಟಗಿತ್ತು. ನಿಜವಾದ ಕಾರಣವೆಂದರೆ ಕೋಣೆಯ ಗೋಡೆಗೆ ಮೆತ್ತಿಕೊಂಡಿದ್ದ ಪ್ಲಾಸ್ಟಿಕ್ ಪದರ ಮತ್ತು ನಾನು ಆ ವರ್ಷ ಬಳಸುತ್ತಿದ್ದ ಅಗ್ಗದ ತೋಟಾಗಳ ಉಕ್ಕಿನ ತಳ. ಹಿತ್ತಾಳೆಯ ತಳ ಸಿಡಿತದಲ್ಲಿ ಹಿಗ್ಗಿ ಮತ್ತೆ ಕುಗ್ಗುವಷ್ಟು ಸಲೀಸಾಗಿ ಉಕ್ಕಿನದು ಕುಗ್ಗುವುದಿಲ್ಲ. ಕಂಚಿನ ಬ್ರಷ್ಷಿಗೆ ದ್ರಾವಕ ಹಚ್ಚಿ ಕೋಣೆಯನ್ನು ಚೆನ್ನಾಗಿ ಉಜ್ಜಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಆದ್ದರಿಂದ ಭಾಗ ಬದಲಿಸುವ ಮೊದಲು ಕೋಣೆಯನ್ನು ಶುಚಿಗೊಳಿಸಿ ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಈ ಕೋವಿಯ ವಿನ್ಯಾಸದಲ್ಲಿ ನಾನು ಒಪ್ಪದಿರುವುದು ಎರಡು ಜಾಗಗಳನ್ನು. ಮ್ಯಾಗಜಿನ್ನಿನಿಂದ ತೋಟಾಗಳನ್ನು ಒಂದೊಂದಾಗಿ ಬಿಡುವ ಎಡಬಲದ ಶೆಲ್ ಲ್ಯಾಚುಗಳನ್ನು ರಿಸೀವರಿನ ತೋಡಿನೊಳಗೆ ಕೂರಿಸಿ, ಸುತ್ತಲಿನ ಉಕ್ಕನ್ನು ಉಳಿಯಿಂದ ಬಡಿದು ಬಂಧಿಸಿರುತ್ತಾರೆ. ಖಾಲಿ ತೋಟಾವನ್ನು ಹೊರಗೆಸೆಯುವ ಇಜೆಕ್ಟರಿನ ಸ್ಪ್ರಿಂಗನ್ನು ರಿಸೀವರಿನ ಎಡಗೋಡೆಗೆ ರಿವೆಟ್ ಹಾಕಿ ಕೂರಿಸಿರುತ್ತಾರೆ. ಲ್ಯಾಚ್ ಸಡಿಲವಾದರೆ ತೋಟಾಗಳು ಹದ ತಪ್ಪಿ ಹೊರಬರುತ್ತವೆ. ಇಜೆಕ್ಟರ್ ಸ್ಪ್ರಿಂಗ್ ಮುರಿದರೆ ರಿವೆಟನ್ನು ಕೊರೆದು ತೆಗೆದು, ಹೊಸದನ್ನು ಬಡಿದು, ಹೊರಮೈಗೆ ಮತ್ತೆ ಬಣ್ಣ ಕಟ್ಟಿಸಬೇಕಾಗುತ್ತದೆ. ಇವೆರಡೂ ನುರಿತ ಕೋವಿ ರಿಪೇರಿಯವರ ಕೆಲಸ. ಇಲ್ಲಿ ಇನ್ನೊಂದು ಪಂಪ್ ಕೋವಿಯಾದ ಮಾಸ್‌ಬರ್ಗ್ 500 ನಿಸ್ಸಂಶಯವಾಗಿ ಮೇಲು: ಅದರ ಇಜೆಕ್ಟರನ್ನು ಒಂದು ತಿರುಪು ಹಿಡಿದಿರುತ್ತದೆ, ತೋಟಾ ತಡೆಯುವ ತುಂಡುಗಳು ಕುದುರೆಯ (ಟ್ರಿಗರಿನ) ಜೋಡಣೆಯನ್ನು ತೆಗೆದರೆ ಕೈಗೇ ಬರುತ್ತವೆ, ರಿಸೀವರ್ ಅಲ್ಯೂಮಿನಿಯಮ್ಮಿನದಾದ್ದರಿಂದ ತುಕ್ಕಿನ ಭಯವೂ ಇಲ್ಲ. ಊರಿನಿಂದ ದೂರ ಇರುವವರಿಗೆ, ತಮ್ಮ ಕೋವಿಯನ್ನು ತಾವೇ ಸರಿಪಡಿಸಿಕೊಳ್ಳಬೇಕಾದವರಿಗೆ ನಾನು ಅದನ್ನೇ ಸೂಚಿಸುತ್ತೇನೆ, 870ರ ಎಳೆತದ ನಯ ಅದರಲ್ಲಿ ಸಿಗದಿದ್ದರೂ.

ತುಕ್ಕಿನ ಮಾತು ಬಂದಾಗ ಹೇಳಲೇಬೇಕು: ಮಳೆಯಲ್ಲಿ ಬೇಟೆಯಾಡಿ ಬಂದ ಒಂದು ಸಂಜೆ ಒರೆಸದೆ ಸ್ಪಂಜಿನ ಪೆಟ್ಟಿಗೆಯಲ್ಲಿಟ್ಟು ಒಂದು ವಾರ ಮರೆತೆ. ಪಟ್ಟಿಗಳ ಮೇಲೆ ಆಗ ಎದ್ದ ಕೆಂಪು ಚುಕ್ಕೆಗಳ ಗುರುತು ಎಣ್ಣೆ ಹಾಕಿ ಉಜ್ಜಿದರೂ ಸಣ್ಣ ಗುಳಿಗಳಾಗಿ ಉಳಿದಿದೆ. ಒಂಬತ್ತು ಸಾವಿರ ತೋಟಾಗಳು ಮಾಡದ ಹಾನಿಯನ್ನು ಒಂದು ವಾರದ ತೇವ ಮಾಡಿತು.

ಹಳೆಯದನ್ನು ಕೊಳ್ಳುವವರು ಮೊದಲು ಕೊಳವೆ ಮತ್ತು ಕೋಣೆ ಎರಡೂ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಟಾರ್ಚ್ ಹಿಡಿದು ಲ್ಯಾಚುಗಳ ಸುತ್ತಲಿನ ಬಡಿತದ ಗುರುತುಗಳನ್ನು ನೋಡಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಅವು ಸ್ಪ್ರಿಂಗಿನಂತೆ ಬಾಗಬೇಕು, ಬೇರುಸಹಿತ ಅಲುಗಬಾರದು. ನಂತರ ಮದ್ದಿಲ್ಲದ ಅಭ್ಯಾಸದ ತೋಟಾಗಳನ್ನು ತುಂಬಿ ನಿಧಾನವಾಗಿ ಒಮ್ಮೆ, ಬಿರುಸಾಗಿ ಒಮ್ಮೆ ಎಳೆದು ನೋಡಬೇಕು. ನಳಿಗೆ ಹಳೆಯ ಕಾಲದ, ಬದಲಿಸಲಾಗದ ಬಿಗಿ ಬಾಯಿಯದಾಗಿದ್ದರೆ (ಫುಲ್ ಚೋಕ್) ಅದರಲ್ಲಿ ಉಕ್ಕಿನ ಚರೆ ಬಳಸಬಾರದು, ಏಕೆಂದರೆ ಗಟ್ಟಿಯಾದ ಆ ಚರೆ ಬಾಯಿಯ ಬಳಿ ನಳಿಗೆಯನ್ನು ಉಬ್ಬಿಸಬಲ್ಲದು. ಅಮೆರಿಕದಲ್ಲಿ ಬಾತು ಮುಂತಾದ ನೀರುಹಕ್ಕಿಗಳ ಬೇಟೆಗೆ 1991ರಿಂದ ಸೀಸದ ಚರೆ ದೇಶದಾದ್ಯಂತ ನಿಷಿದ್ಧವಾದ್ದರಿಂದ, ಆ ಬೇಟೆಯ ಆಸೆಯಿರುವವರು ಹೊಸ ನಳಿಗೆಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿನ ರೆಮಿಂಗ್ಟನ್ನಿನ ಹಳೆಯ ಕಾರ್ಖಾನೆ 2024ರಲ್ಲಿ ಮುಚ್ಚಿದ ಮೇಲೆ ಬಿಡಿಭಾಗಗಳ ಗತಿಯೇನು ಎಂದು ಕೆಲವರು ಚಿಂತಿಸುತ್ತಾರೆ. ಒಂದು ಕೋಟಿಗೂ ಹೆಚ್ಚು 870ಗಳು ತಯಾರಾಗಿರುವುದರಿಂದ, ಸ್ಪ್ರಿಂಗು, ಕೊಕ್ಕೆ, ಪಿನ್ನುಗಳನ್ನು ಬೇರೆ ತಯಾರಕರೂ ಮಾಡುತ್ತಿದ್ದಾರೆ; ಈ ವಸಂತದಲ್ಲಿ ಎರಡನೆಯ ಬಾರಿ ಮ್ಯಾಗಜಿನ್ ಸ್ಪ್ರಿಂಗ್ ಬದಲಿಸಿದಾಗ ಅದು ನಾಲ್ಕೇ ದಿನಗಳಲ್ಲಿ ಮನೆಗೆ ಬಂತು. ಲ್ಯಾಚುಗಳೂ ಇಜೆಕ್ಟರೂ ಮಾತ್ರ ಕಾರ್ಖಾನೆಯಲ್ಲಿ ಕೂರಿಸಿದವೇ ಇನ್ನೂ ಇವೆ, ಪ್ರತಿ ಬಾರಿ ಬಿಚ್ಚಿದಾಗಲೂ ನಾನು ಮೊದಲು ಟಾರ್ಚ್ ಬಿಡುವುದು ಅಲ್ಲಿಗೇ.