ಕಾವಲಿಯಾ, ಏರ್ ಫ್ರೈಯರಾ? ಬಂಗುಡೆ, ಬೂತಾಯಿ, ಸಿಗಡಿ ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಏರ್ ಫ್ರೈಯರ್‌ನಲ್ಲಿ ಮೀನು ಬೇಗ ಆಗುವುದಿಲ್ಲ. ಕಾವಲಿಯಲ್ಲೇ ಬೇಗ. ಒಂದೇ ಮಸಾಲೆ ಹಚ್ಚಿದ ನಾಲ್ಕು ಬಂಗುಡೆಯಲ್ಲಿ ಎರಡನ್ನು ಕಾವಲಿಗೆ, ಎರಡನ್ನು ಫ್ರೈಯರ್‌ಗೆ ಹಾಕಿ ಮೊಬೈಲಿನಲ್ಲಿ ಟೈಮ್ ನೋಡಿದ್ದೇನೆ. ಕಾವಲಿಯದ್ದು 11 ನಿಮಿಷಕ್ಕೆ ತಟ್ಟೆಗೆ ಬಂತು. ಫ್ರೈಯರ್ ಬಿಸಿಯಾಗಲು 3 ನಿಮಿಷ, ಮೀನು ಬೇಯಲು 12, ಒಟ್ಟು 15. ಆದರೆ ಆ 11 ನಿಮಿಷವೂ ನಾನು ಸಟ್ಟುಗ ಹಿಡಿದು ಒಲೆಯ ಎದುರು ನಿಂತಿದ್ದೆ, ಎಣ್ಣೆ ಸಿಡಿದು ಕೈಗೆ ಎರಡು ಕಡೆ ತಾಗಿತು. ಫ್ರೈಯರ್ ಕೆಲಸ ಅಂದರೆ ಮಧ್ಯದಲ್ಲಿ ಒಂದು ಸಲ ಮಗುಚಿದ್ದು, ಅಷ್ಟೇ. ಸಂಜೆ ಏಳಕ್ಕೆ ಮಂಗಳೂರಿನಿಂದ ಬಂದು ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ರೈಲು ಇಳಿಯುವವನಿಗೆ ಇದು ಸಣ್ಣ ವಿಷಯವಲ್ಲ. ಮೀನು ಅದರಷ್ಟಕ್ಕೆ ಬೇಯುವಾಗ ನನ್ನ ಸ್ನಾನ ಮುಗಿಯುತ್ತದೆ, ಮಗಳ ಗಣಿತದ ಲೆಕ್ಕ ಒಂದೆರಡಾದರೂ ಆಗುತ್ತದೆ.

ಅಮ್ಮನಿಗೆ ಮೊದಲ ದಿನದಿಂದಲೂ ನಂಬಿಕೆ ಇಲ್ಲ. "ಎಂತದು ಮಾರಾಯ, ಮೀನಿಗೆ ಗಾಳಿ ಹಾಕಿದರೆ ಬೇಯ್ತದಾ?" ಅಂತ ಕೇಳಿದ್ದಳು. ಅವಳು ಹೇಳಿದ್ದು ಒಂದು ಲೆಕ್ಕದಲ್ಲಿ ಸರಿಯೇ. ಹೆಸರಿಗೆ ಮಾತ್ರ ಫ್ರೈಯರ್, ಅದು ಸಣ್ಣ ಓವನ್. ಮೇಲೆ ಕಾಯಿಲ್, ಅದರ ಮೇಲೆ ಫ್ಯಾನ್, ಬಿಸಿ ಗಾಳಿ ಬುಟ್ಟಿಯ ಸುತ್ತ ಜೋರಾಗಿ ತಿರುಗುತ್ತದೆ. ಹಾಗಾಗಿ ಒಳಗೆ ಎಣ್ಣೆ ಇರುವ ಮೀನು ಇದರಲ್ಲಿ ಚೆನ್ನಾಗಿ ಬರುತ್ತದೆ, ಇಲ್ಲದ್ದು ಒಣಗುತ್ತದೆ. ಇದು ಅರ್ಥವಾಗಲು ನನಗೆ ಎರಡು ತಿಂಗಳು ಮತ್ತು ದುಬಾರಿ ಅಂಜಲ್‌ನ ನಾಲ್ಕು ತುಂಡು ಬೇಕಾಯಿತು. ತೆಳುವಾಗಿ ಕತ್ತರಿಸಿದ ಅಂಜಲ್ ಅದು, ತಿನ್ನುವಾಗ ಮಧ್ಯೆ ಮಧ್ಯೆ ನೀರು ಕುಡಿಯಬೇಕಾಯಿತು.

ನಮ್ಮ ಕಡೆ ಮೀನು ಒಂದೇ, ಹೆಸರು ಮೂರು. ಮನೆಯಲ್ಲಿ ಬಂಗುಡೆ ಅಂದದ್ದು ಸ್ಕೂಟರಿನಲ್ಲಿ ಮೀನು ಮಾರುವವನ ಬಾಯಲ್ಲಿ ಅಯಿಲ ಆಗುತ್ತದೆ, ಬೂತಾಯಿ ಮತ್ತಿ ಆಗುತ್ತದೆ, ಸಿಗಡಿಗೆ ಪಕ್ಕದ ಮನೆಯವರು ಎಟ್ಟಿ ಅಂದರೆ ಎದುರಿನ ಮನೆಯವರು ಚೆಮ್ಮೀನ್ ಅನ್ನುತ್ತಾರೆ. ನಾನು ಮನೆಯ ಹೆಸರಲ್ಲೇ ಬರೆಯುತ್ತೇನೆ.

ಬಂಗುಡೆ ಮೊದಲು. ಮಧ್ಯಮ ಗಾತ್ರದ್ದು ನಾಲ್ಕು ನನ್ನ 4 ಲೀಟರ್ ಬುಟ್ಟಿಗೆ ಸರಿಯಾಗಿ ಹಿಡಿಸುತ್ತವೆ, ಐದನೆಯದನ್ನು ತುರುಕಿದರೆ ಒಂದರ ಮೇಲೊಂದು ಬಿದ್ದ ಜಾಗ ಬಿಳಿಯಾಗಿ ಉಳಿಯುತ್ತದೆ. ಎರಡೂ ಬದಿ ಮೂಳೆ ಮುಟ್ಟುವಷ್ಟು ಆಳವಾಗಿ ಮೂರು ಗೀರು. ಮಸಾಲೆಯಲ್ಲೇ ನನ್ನ ದೊಡ್ಡ ತಪ್ಪು ಇದ್ದದ್ದು. ಕಾವಲಿಗೆ ಮಾಡುವ ಹಾಗೆ ಮೆಣಸಿನ ಪುಡಿ, ಅರಶಿನ, ಉಪ್ಪು, ಹುಣಸೆ ನೀರು ಕಲಸಿ ಹಚ್ಚಿದೆ. ಹೊರಗೆ ಬಂದಾಗ ಮೇಲೆಲ್ಲ ಪುಡಿ ಪುಡಿ, ಬಾಯಿಗಿಟ್ಟರೆ ಮೆಣಸಿನ ಹಸಿ ವಾಸನೆ. ಮೆಣಸಿನ ಬಣ್ಣ, ಖಾರ ಎರಡೂ ಎಣ್ಣೆಯಲ್ಲೇ ಬಿಡುವುದು, ನೀರಿನಲ್ಲಿ ಅಲ್ಲ. ಕಾವಲಿಯಲ್ಲಿ ಎಣ್ಣೆ ಕೆಳಗೆ ಇರುತ್ತದೆ, ಇಲ್ಲಿ ನಾವೇ ಕೊಡಬೇಕು. ಈಗ ಹುಣಸೆ ರಸವನ್ನು ದಪ್ಪಗೆ ಹಿಂಡಿ, ಎರಡು ಚಮಚ ಬ್ಯಾಡಗಿ ಪುಡಿ, ಶುಂಠಿ ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಒಂದು ದೊಡ್ಡ ಚಮಚ ತೆಂಗಿನೆಣ್ಣೆಯನ್ನು ಮಸಾಲೆಗೇ ಸೇರಿಸಿ ಕಲಸುತ್ತೇನೆ. ಬೆರಳಿನಿಂದ ಜಾರಬಾರದು, ಅಷ್ಟು ಗಟ್ಟಿ. 180 ಡಿಗ್ರಿ, 12 ನಿಮಿಷ, ಏಳನೇ ನಿಮಿಷಕ್ಕೆ ಮಗುಚುವುದು. ಬೆನ್ನಿನ ಹತ್ತಿರ ಚೂರಿ ತುದಿ ಹಾಕಿದರೆ ಮಾಂಸ ಮೂಳೆಯಿಂದ ಸಲೀಸಾಗಿ ಬಿಡಬೇಕು.

ಹಾಗೆ ಮಾಡಿದ ಬಂಗುಡೆ ಕಾವಲಿಯದಕ್ಕಿಂತ ಒಳಗೆ ಜಾಸ್ತಿ ಮೆತ್ತಗೆ, ಇದನ್ನು ಅಮ್ಮನೂ ಒಪ್ಪಿದಳು. ಆದರೆ ಕಾವಲಿಯಲ್ಲಿ ಮೀನು ತೆಗೆದ ಮೇಲೆ ಒಂದು ಉಳಿಯುತ್ತದಲ್ಲ, ಕರಿಬೇವಿನ ಜೊತೆ ಅಂಟಿಕೊಂಡು ಕಪ್ಪಗಾದ ಮಸಾಲೆ, ಅದನ್ನು ಕೆರೆದು ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ತಿನ್ನುವುದು, ಅದು ಇಲ್ಲಿ ಇಲ್ಲವೇ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಜಗಳ ಆಗುತ್ತಿತ್ತು. ಇನ್ನು ಕರಿಬೇವು. ಮೀನಿನ ಮೇಲೆ ಸುಮ್ನೆ ಉದುರಿಸಿದರೆ ಫ್ಯಾನಿನ ಗಾಳಿಗೆ ಹಾರಿ ಕಾಯಿಲ್‌ಗೆ ಅಂಟಿ ಸುಡುತ್ತದೆ, ನನ್ನದು ಹಾಗೆ ಆಗಿ ಇಡೀ ಅಡುಗೆಮನೆ ಹೊಗೆ. ಈಗ ಎಲೆಯನ್ನು ಗೀರಿನ ಒಳಗೆ ಸಿಕ್ಕಿಸುತ್ತೇನೆ.

ಬೂತಾಯಿ ಕಥೆ ಬೇರೆ. ರುಚಿಯಲ್ಲಿ ಇದೇ ಗೆದ್ದದ್ದು, ಅನುಮಾನವೇ ಇಲ್ಲ. ಸೀಸನ್‌ನಲ್ಲಿ ಅದಕ್ಕೆ ಎಷ್ಟು ಕೊಬ್ಬು ಇರುತ್ತದೆ ಅಂದರೆ ಮಸಾಲೆಗೆ ಅರ್ಧ ಚಮಚ ಎಣ್ಣೆ ಸಾಕು, 200 ಡಿಗ್ರಿಗೆ 9 ನಿಮಿಷದಲ್ಲಿ ಬಾಲ ಹಪ್ಪಳದ ಹಾಗೆ ಮುರಿಯುತ್ತದೆ. ಆದರೆ ಅದೇ ಕೊಬ್ಬು ಕೆಳಗಿನ ಬಿಸಿ ತಟ್ಟೆಗೆ ಬಿದ್ದು ಹೊಗೆ ಎಬ್ಬಿಸುತ್ತದೆ. ಬುಟ್ಟಿಯ ಅಡಿಯಲ್ಲಿ ಎರಡು ಚಮಚ ನೀರು ಹಾಕಿಟ್ಟರೆ ಕಡಿಮೆ. ಕಾವಲಿಯಲ್ಲಾದರೆ ಬೂತಾಯಿ ಮಗುಚುವಾಗ ಹೊಟ್ಟೆ ಒಡೆದು ಅರ್ಧ ಪುಡಿಯಾಗುತ್ತದೆ, ಇಲ್ಲಿ ಹತ್ತರಲ್ಲಿ ಒಂಬತ್ತು ಇಡಿಯಾಗಿ ಬರುತ್ತವೆ. ಮಳೆಗಾಲದಲ್ಲಿ ಇದೇ ಗತಿ ಕೂಡ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ದೊಡ್ಡ ಬೋಟುಗಳು ಬಲೆ ಎಳೆದು ಮೀನು ಹಿಡಿಯುವುದು) ಬಂದ್, ಗಡಿಯ ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ 61 ದಿನ. ಆಗ ದೋಣಿಯವರು ತಂದದ್ದೇ ಮೀನು, ಹೇಳಿದ್ದೇ ರೇಟು.

ಸಿಗಡಿ 7 ನಿಮಿಷ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, 200 ಡಿಗ್ರಿಗೆ 6 ನಿಮಿಷಕ್ಕೇ ಆಗುತ್ತದೆ. ಆದರೆ ಅರ್ಧ ಕಿಲೋ ಸಿಗಡಿಯ ಸಿಪ್ಪೆ ಬಿಡಿಸಿ ಬೆನ್ನಿನ ಕಪ್ಪು ನರ ತೆಗೆಯುವ 25 ನಿಮಿಷ ಯಾರ ಲೆಕ್ಕಕ್ಕೆ? ರಾತ್ರಿ ಎಂಟಕ್ಕೆ ಅದನ್ನು ಹಿಡಿದು ಕೂತರೆ ಊಟ ಒಂಬತ್ತಕ್ಕೆ. ಆದಿತ್ಯವಾರ ಕ್ಲೀನ್ ಮಾಡಿ ಫ್ರೀಜರಿಗೆ ಹಾಕಿಟ್ಟರೆ ಮಾತ್ರ ಇದು ವಾರದ ಮಧ್ಯದ ಅಡುಗೆ. ಆಗ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ, ಬೆಳಿಗ್ಗೆ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಟ್ಟು ಹೋದರೆ ಸಂಜೆಗೆ ಐಸ್ ಬಿಟ್ಟಿರುತ್ತದೆ. ಹಚ್ಚುವ ಮೊದಲು ನೀರು ಒರೆಸಬೇಕು, ಒರೆಸದಿದ್ದರೆ ಹುರಿಯುವ ಬದಲು ಬೇಯುತ್ತದೆ. ಎಂಟು ನಿಮಿಷ ದಾಟಿದರೆ ಸುರುಟಿ ಅಂಗಿಯ ಗುಂಡಿಯ ಹಾಗಾಗುತ್ತದೆ.

ಬೊಂಡಾಸ್ (ಸ್ಕ್ವಿಡ್) ಬೇಡ. ಎರಡು ಸಲ ಮಾಡಿದೆ, ಎರಡು ಸಲವೂ ರಬ್ಬರ್. ರವಾ ಫ್ರೈಯೂ ಬೇಡ, ಎಣ್ಣೆ ಸಿಗದ ರವೆ ಬಿಳಿಯಾಗಿ ಮರಳಿನ ಹಾಗೆ ಉಳಿಯುತ್ತದೆ. ಇವೆರಡಕ್ಕೂ ಕಾವಲಿಯೇ ಸೈ.

ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ, 1400 ವ್ಯಾಟಿನದು ಕಾಲು ಗಂಟೆ ಓಡಿದರೆ ಹೆಚ್ಚೆಂದರೆ 0.35 ಯೂನಿಟ್. ಹೆದರಬೇಕಾದ್ದು ಕರೆಂಟ್ ಹೋಗುವುದಕ್ಕೆ, ನಮ್ಮ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಮಳೆಗಾಲದಲ್ಲಿ ಅರ್ಧ ಬೆಂದ ಬಂಗುಡೆ ಎಷ್ಟೋ ಸಲ ಕೊನೆಗೆ ಕಾವಲಿಗೇ ಹೋಗಿದೆ. ಅಮ್ಮ ಆಗ ಏನೂ ಹೇಳುವುದಿಲ್ಲ, ಸುಮ್ನೆ ಗ್ಯಾಸ್ ಹಚ್ಚುತ್ತಾಳೆ.

ತೊಳೆಯುವುದು ಮಾತ್ರ ಇನ್ನೂ ತಲೆನೋವು. ಕೋಟಿಂಗ್ ಹೋಗುತ್ತದೆ ಅಂತ ಸ್ಟೀಲ್ ಉಜ್ಜುವುದು ಹಾಕುವ ಹಾಗಿಲ್ಲ, ಬಿಸಿ ನೀರು, ಸೋಪು, ಲಿಂಬೆ ಸಿಪ್ಪೆ ಹಾಕಿ ನೆನೆಸಿಡುತ್ತೇನೆ. ಆದರೂ ಮೇಲಿನ ಕಾಯಿಲ್ ಹತ್ತಿರ ವಾಸನೆ ಉಳಿಯುತ್ತದೆ. ಕಳೆದ ತಿಂಗಳು ಮಗಳು ಅದರಲ್ಲೇ ಕಪ್ ಕೇಕ್ ಮಾಡಿದಳು. ಚೆಂದ ಉಬ್ಬಿತ್ತು, ಬಣ್ಣವೂ ಬಂದಿತ್ತು. ಮೊದಲನೆಯದನ್ನು ಅಜ್ಜಿಗೇ ಕೊಟ್ಟಳು. ಅಮ್ಮ ಒಂದು ಕಚ್ಚಿ, ಸ್ವಲ್ಪ ಹೊತ್ತು ಅಗಿದು, "ಇದಕ್ಕೆ ಬೂತಾಯಿ ಯಾಕೆ ಹಾಕಿದ್ದು ಮಗಾ?" ಅಂತ ಕೇಳಿದಳು.