ಅಡಿಕೆ ಸಿಪ್ಪೆ ನಾರೋ, ಕತ್ತಾಳೆ ನಾರೋ: ಬಕೆಟ್ ಕೊಟ್ಟ ತೀರ್ಪು

ಕೊಟ್ಟಿಗೆ ಹಿಂದೆ ಅಡಿಕೆ ಸಿಪ್ಪೆ ರಾಶಿ, ಬೇಲಿಯಲ್ಲಿ ಕತ್ತಾಳೆ. ಎರಡರ ನಾರನ್ನೂ ಎಪಾಕ್ಸಿಯಲ್ಲಿ (ಒಣಗಿದರೆ ಗಟ್ಟಿಯಾಗುವ ಅಂಟಿನಂಥ ರೆಸಿನ್) ಹಾಕಿ ಪಟ್ಟಿ ಮಾಡಿದೆ. ಗೇಣುದ್ದ, ಎರಡು ಬೆರಳಗಲ, 3 ಮಿ.ಮೀ. ದಪ್ಪ. ಪ್ರತಿ ನಾರಿಗೂ ಕಾಸ್ಟಿಕ್ ಸೋಡಾದಲ್ಲಿ ತೊಳೆದದ್ದು ಒಂದು, ತೊಳೆಯದ್ದು ಒಂದು. ಪರೀಕ್ಷೆಯ ಯಂತ್ರ ನನ್ನಲ್ಲಿಲ್ಲ. ಎರಡು ಸ್ಟೂಲಿನ ನಡುವೆ ಪಟ್ಟಿ ಇಟ್ಟು, ಬಕೆಟ್ ತೂಗುಹಾಕಿ, ಚೊಂಬಲ್ಲಿ ನೀರು ಸುರಿಯುತ್ತಾ ಹೋದೆ.

ತೊಳೆಯದ ಅಡಿಕೆ ಪಟ್ಟಿ ಮೊದಲು ಮುರಿಯಿತು. ಬಕೆಟ್ ಅರ್ಧವೂ ತುಂಬಿರಲಿಲ್ಲ. ಮುರಿದ ಕಡೆ ನಾರು ಹಿಡಿಸೂಡಿ ಕಡ್ಡಿ ಥರ ಚಾಚಿಕೊಂಡಿತ್ತು. ಎದುರಿನ ತುಂಡಿನಲ್ಲಿ ಸಣ್ಣ ಸಣ್ಣ ತೂತು. ಅಂದರೆ ನಾರು ತುಂಡಾಗಿಲ್ಲ, ಜಾರಿ ಹೊರಬಂದಿದೆ! ನಾರಿನ ಮೈಮೇಲೆ ಮೇಣ, ಪೆಕ್ಟಿನ್ ಎಂಬ ಅಂಟು ಇರುತ್ತವೆ. ರೆಸಿನ್ ಅದಕ್ಕೆ ಅಂಟಿಕೊಂಡಿತೇ ಹೊರತು ನಾರಿಗಲ್ಲ.

ಕಾಸ್ಟಿಕ್ ಸೋಡಾ ಆ ಮೇಣವನ್ನೂ, ಒಳಗಿನ ಎಳೆಗಳನ್ನು ಬೆಸೆದಿರುವ ಹೆಮಿಸೆಲ್ಯುಲೋಸ್ ಎಂಬ ಪದಾರ್ಥವನ್ನೂ ಕರಗಿಸಿ ಮೈಯನ್ನು ಒರಟು ಮಾಡುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅಂದುಕೊಂಡು ಮೊದಲ ಸಲ 10% ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿದ್ದೆ. ಬೆಳಗ್ಗೆ ನೀರು ಕಾಫಿ ಡಿಕಾಕ್ಷನ್ ಬಣ್ಣ. ನಾರು ಎಳೆದರೆ ಪಟ್ ಅಂತ ತುಂಡು. ಆಮೇಲೆ ಲೀಟರ್ ನೀರಿಗೆ 50 ಗ್ರಾಂ, ಎರಡೇ ಗಂಟೆ. ತೊಳೆದು, ಕೊನೇ ನೀರಿಗೆ ಸ್ವಲ್ಪ ವಿನೆಗರ್, ಎರಡು ದಿನ ಬಿಸಿಲು. ಗ್ಲೌಸ್ ಹಾಕಿಕೊಳ್ಳಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು.

ಈ ಸಲ ಅಡಿಕೆ ಪಟ್ಟಿ ತೊಳೆಯದ ಕತ್ತಾಳೆಯ ಹತ್ತಿರ ಹತ್ತಿರ ಬಂತು. ತೊಳೆದ ಕತ್ತಾಳೆ ಮಾತ್ರ ಬೇರೆಯೇ ಮಟ್ಟ. 15 ಲೀಟರ್ ಬಕೆಟ್ ಹೆಚ್ಚುಕಡಿಮೆ ತುಂಬಿದ ಮೇಲೆ ಮುರಿಯಿತು. ನಾರು ಅಲ್ಲಲ್ಲೇ ಗಿಡ್ಡಕ್ಕೆ ತುಂಡಾಗಿತ್ತು, ಅಂದರೆ ಜಾರಿಲ್ಲ, ರೆಸಿನ್ ಬಿಗಿಯಾಗಿ ಹಿಡಿದಿದೆ. ಆದರೆ ಇದು ಸರಿಸಮ ಪಂದ್ಯ ಅಲ್ಲ ಅಲ್ವಾ? ಕತ್ತಾಳೆ ನಾರು ಗಜದುದ್ದ ಬರುತ್ತದೆ, ಪಟ್ಟಿಯ ಉದ್ದಕ್ಕೇ ಮಲಗಿಸಬಹುದು. ಅಡಿಕೆ ನಾರು ಬೆರಳುದ್ದ, ಹೇಗೆ ಬಿತ್ತೋ ಹಾಗೆ.

ಮೇಲೆ ಕೆಳಗೆ ಗ್ಲಾಸ್ ಫೈಬರ್ ಪದರ ಕೊಟ್ಟರೆ ಎರಡೂ ಗಟ್ಟಿಯಾಗುತ್ತವೆ. ಆದರೆ ತೂಕ ಏರುತ್ತದೆ, ಕತ್ತರಿಸುವಾಗ ಮೈಯೆಲ್ಲ ತುರಿಕೆ. ನನಗೆ ಬೇಡ.

ಭಾರ ಹೊರಬೇಕಾದ ಕಡೆ ಕತ್ತಾಳೆ. ಟ್ರೇ, ಗೋಡೆ ಹಲಗೆಗೆ ಪುಕ್ಕಟೆ ಸಿಗುವ ಅಡಿಕೆ ನಾರೇ ಸಾಕು. ಯಾವುದೇ ಆಗಲಿ, ಕತ್ತರಿಸಿದ ಅಂಚಿಗೆ ರೆಸಿನ್ ಬಳಿಯಿರಿ. ನಾನು ಬಳಿಯದೆ ಬಚ್ಚಲಲ್ಲಿಟ್ಟ ತುಂಡು ನೀರು ಕುಡಿದು ಅಂಚಲ್ಲೆಲ್ಲ ಉಬ್ಬಿದೆ.