ಸ್ಟಿಯರಿಂಗ್ ಬದಲಿಸಿದ ಕಾರಿಗೆ ಸ್ಕ್ಯಾನರ್ ಹಚ್ಚಿದಾಗ

ಕಾರಿನ ದೋಷದ ಕೋಡ್ ಓದುವ ಯಂತ್ರಗಳ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟೇನೂ ಗೌರವವಿಲ್ಲ. ದೀಪ ಹತ್ತಿತು, ಯಂತ್ರ ಚುಚ್ಚಿದೆ, ಅದು ಹೆಸರಿಸಿದ ಭಾಗ ತಂದು ಹಾಕಿದೆ, ದೀಪ ಮತ್ತೆ ಹತ್ತಿತು ಎಂದು ಗೋಳಾಡುವವರನ್ನು ಬಹಳ ಕಂಡಿದ್ದೇನೆ. ಆದರೂ ಎಂಜಿನ್, ಗೇರ್‌ಬಾಕ್ಸ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು), ಏರ್‌ಬ್ಯಾಗ್ ಈ ನಾಲ್ಕನ್ನೂ ಓದುವ ಕೈಸ್ಕ್ಯಾನರ್ ಒಂದನ್ನು ಕೊಂಡೆ. ಕಾರಣ ನನ್ನ ಭಾವಮೈದುನ. ಸ್ಟಿಯರಿಂಗ್ ಚಕ್ರದ ಹೊದಿಕೆ ಸುಲಿದಿದೆಯೆಂದು, ಅದೇ ಮಾದರಿಯ ಮೇಲ್ದರ್ಜೆಯ ಕಾರಿನಿಂದ ಬಿಚ್ಚಿದ ಚರ್ಮದ ಹೊದಿಕೆಯ ಚಕ್ರವನ್ನು ತಂದು ತಾನೇ ಕೂರಿಸಿದ್ದ. ನೋಡಲು ಚೆಂದವಾಗಿತ್ತು. ಆದರೆ ಏರ್‌ಬ್ಯಾಗ್ ದೀಪ ಆರುತ್ತಿರಲಿಲ್ಲ, ಕಾರು ಜಾರದಂತೆ ಕಾಯುವ ಇಎಸ್‌ಪಿ ವ್ಯವಸ್ಥೆಯ ದೀಪವೂ ಅದಕ್ಕೆ ಜೊತೆಯಾಗಿತ್ತು. ನೇರ ರಸ್ತೆಯಲ್ಲಿ ಚಕ್ರ ಓರೆಯಾಗಿ ನಿಲ್ಲುತ್ತಿತ್ತು. ಧ್ವನಿ ಹೆಚ್ಚಿಸುವ ಗುಂಡಿ ಒತ್ತಿದರೆ ಹಾಡು ಬದಲಾಗುತ್ತಿತ್ತು. ಎಡಕ್ಕೆ ತಿರುಗಿ ಬಂದ ಮೇಲೂ ಇಂಡಿಕೇಟರ್ ಮಿಟುಕುತ್ತಲೇ ಇರುತ್ತಿತ್ತು.

ಇದೇ ಬಗೆಯ ಯಂತ್ರಗಳು ಹಲವು ಹೆಸರುಗಳಲ್ಲಿ ಸಿಗುವುದರಿಂದ ಹೆಸರು ಬಿಟ್ಟು ಅದು ಮಾಡುವ ಕೆಲಸವನ್ನಷ್ಟೇ ಬರೆಯುತ್ತೇನೆ.

ಅವನ ಬಳಿ ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಎರಡು ದೀಪ ಉರಿಯುತ್ತಿದ್ದರೂ ಅದು 'ಯಾವ ದೋಷವೂ ಇಲ್ಲ' ಎಂದು ಸರ್ಟಿಫಿಕೇಟ್ ಕೊಟ್ಟಿತು. ಅದು ಸುಳ್ಳು ಹೇಳಲಿಲ್ಲ, ಅದರ ಕಣ್ಣು ಹೋಗುವುದೇ ಅಷ್ಟು ದೂರ. ಕಾರಿನ ದೋಷ ಓದಲು ಇರುವ ಸಾಮಾನ್ಯ ಮಾನದಂಡವಾದ ಒಬಿಡಿ-2 ವ್ಯವಸ್ಥೆಯಲ್ಲಿ ಎಲ್ಲ ತಯಾರಕರೂ ಒಂದೇ ರೀತಿ ತೆರೆದಿಡಬೇಕಾದದ್ದು ಮುಖ್ಯವಾಗಿ ಹೊಗೆ ಮಾಲಿನ್ಯಕ್ಕೆ ಸಂಬಂಧಿಸಿದ ಎಂಜಿನ್ ಮಾಹಿತಿ. ಏರ್‌ಬ್ಯಾಗ್ ಮತ್ತು ಇಎಸ್‌ಪಿ ನಿಯಂತ್ರಣ ಘಟಕಗಳ ಜೊತೆ ಮಾತಾಡಲು ಆಯಾ ತಯಾರಕರ ಭಾಷೆಯೇ ಗೊತ್ತಿರಬೇಕು. ಹೊಸ ಸ್ಕ್ಯಾನರಿನ ಮೊದಲ ಗುಣ ಇದೇ: ಚುಚ್ಚಿದ ಕೂಡಲೇ ಕಾರಿನ ಮಾದರಿಯನ್ನು ತಾನೇ ಗುರುತಿಸಿ, ಏರ್‌ಬ್ಯಾಗ್ ಘಟಕದಿಂದ ಬಿ0001 ಎಂಬ ಕೋಡ್ ತಂದು ತೋರಿಸಿತು. ಅಂದರೆ ಚಾಲಕನ ಮುಂಭಾಗದ ಏರ್‌ಬ್ಯಾಗಿನ ಮೊದಲ ಹಂತದ ಸರ್ಕಿಟ್.

ಅದರ ಬಾಲಕ್ಕೆ 1ಬಿ ಎಂಬ ಎರಡಕ್ಷರವೂ ಇತ್ತು. ಅನೇಕರು ಇದನ್ನು ಓದದೆ ಬಿಡುತ್ತಾರೆ, ಆದರೆ ಅರ್ಧ ರೋಗ ಹೇಳುವುದೇ ಅದು. 13 ಎಂದಿದ್ದರೆ ಸರ್ಕಿಟ್ ಪೂರ್ತಿ ತುಂಡಾಗಿದೆ, 1ಎ ಎಂದರೆ ವಿದ್ಯುತ್ ರೋಧ ಇರಬೇಕಾದುದಕ್ಕಿಂತ ಕಡಿಮೆ, 1ಬಿ ಎಂದರೆ ಹೆಚ್ಚು. ಏರ್‌ಬ್ಯಾಗಿನ ಕನೆಕ್ಟರ್ ಹಾಕುವುದನ್ನೇ ಮರೆತಿದ್ದರೆ ಸಾಮಾನ್ಯವಾಗಿ ತುಂಡಾದ ಸರ್ಕಿಟ್ ಎಂದೇ ಬರುತ್ತದೆ. ಕನೆಕ್ಟರ್ ಬಿಚ್ಚಿಟ್ಟಿದ್ದಾಗ ಯಾರಾದರೂ ಇಗ್ನಿಷನ್ ಹಾಕಿದ್ದರೂ ಕೋಡ್ ದಾಖಲಾಗಿ, ನಂತರ ಎಲ್ಲ ಸರಿಯಿದ್ದರೂ ದೀಪ ಉರಿಯುತ್ತಲೇ ಇರಬಹುದು. ಅಂಥ ಕೋಡನ್ನು ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ. ಇಲ್ಲಿ ಅಳಿಸಿದರೂ ಮರಳಿ ಬಂತು, ಪಕ್ಕದಲ್ಲಿ 'ಪ್ರಸ್ತುತ' ಎಂಬ ಷರಾ ಬೇರೆ.

ಇಷ್ಟಕ್ಕೇ ನಿಂತಿದ್ದರೆ ಭಾವಮೈದುನ ಹೊಸ ಏರ್‌ಬ್ಯಾಗ್ ಕೊಳ್ಳುತ್ತಿದ್ದ. ಕೋಡ್ ಹೇಳುವುದು ಸರ್ಕಿಟ್ಟಿನ ಹೆಸರನ್ನು, ಕೆಟ್ಟ ಭಾಗದ ಹೆಸರನ್ನಲ್ಲ. ಈ ಯಂತ್ರಕ್ಕೆ ಕೊಟ್ಟ ಹಣ ಸಾರ್ಥಕ ಎನ್ನಿಸಿದ್ದು ಲೈವ್ ಡೇಟಾ ಪುಟ ತೆರೆದಾಗ. ಏರ್‌ಬ್ಯಾಗ್ ಘಟಕ ತನ್ನ ಪ್ರತಿ ಸರ್ಕಿಟ್ಟಿನ ರೋಧವನ್ನು ಸದಾ ಅಳೆಯುತ್ತಲೇ ಇರುತ್ತದೆ, ಆ ಅಂಕಿಯನ್ನು ಇದು ಪರದೆಯ ಮೇಲೆ ತೋರಿಸುತ್ತದೆ. ಚಕ್ರ ನೇರವಿದ್ದಾಗ 2.4 ಓಮ್. ಅದು ಆರೋಗ್ಯವಂತ ಏರ್‌ಬ್ಯಾಗಿನ ಅಂಕಿಯೇ. ಮೈಯನ್ನು ಪಕ್ಕಕ್ಕಿಟ್ಟು ಚಕ್ರವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದೆ. ಒಂದು ಸುತ್ತು ದಾಟುವವರೆಗೂ 2.4, ನಂತರ 3.1, ಆಮೇಲೆ 5.8, ಇನ್ನಷ್ಟು ತಿರುಗಿಸಿದಾಗ ಅಂಕಿಯೇ ಮಾಯವಾಗಿ ಅಡ್ಡಗೆರೆ. ಬಲಕ್ಕೆ ತಂದರೆ ಮತ್ತೆ 2.4. ಏರ್‌ಬ್ಯಾಗ್ ಕೆಟ್ಟಿದ್ದರೆ ಚಕ್ರ ತಿರುಗಿದಂತೆ ಅದರ ರೋಧ ಹೀಗೆ ಏರಿಳಿಯುವುದಿಲ್ಲ. ಕೆಟ್ಟದ್ದು ಚಕ್ರಕ್ಕೂ ಅದನ್ನು ಹೊತ್ತ ಕಂಬಕ್ಕೂ (ಕಾಲಮ್) ನಡುವೆ ಸುರುಳಿ ಸುತ್ತಿಕೊಂಡು ಏರ್‌ಬ್ಯಾಗಿಗೆ ಕರೆಂಟ್ ಒಯ್ಯುವ ಚಪ್ಪಟೆ ತಂತಿಪಟ್ಟಿ, ಅಂದರೆ ಕ್ಲಾಕ್ ಸ್ಪ್ರಿಂಗ್.

ಬಿಚ್ಚಿ ನೋಡಿದಾಗ ಪಟ್ಟಿಯ ಒಳತುದಿಯ ಹತ್ತಿರ ಮಡಿಕೆ ಬಿದ್ದು ತಾಮ್ರ ಬಿರುಕು ಬಿಟ್ಟಿತ್ತು. ಚಕ್ರ ಹೊರಗಿದ್ದಾಗ ಈ ಸುರುಳಿ ಕೈತಾಗಿ ಒಂದು ಸುತ್ತು ತಿರುಗಿದರೂ ಸಾಕು, ನಡುಬಿಂದು ತಪ್ಪುತ್ತದೆ. ಆಮೇಲೆ ಒಂದು ಬದಿಗೆ ಪೂರ್ತಿ ತಿರುಗಿಸುವಾಗ ಪಟ್ಟಿಯ ಉದ್ದ ಸಾಲದೆ ಎಳೆದುಕೊಳ್ಳುತ್ತದೆ. ಹೊಸ ಕ್ಲಾಕ್ ಸ್ಪ್ರಿಂಗ್ ನಡುವಿನಲ್ಲೇ ನಿಲ್ಲಿಸಿ ಬೀಗಹಾಕಿದ ಸ್ಥಿತಿಯಲ್ಲಿ ಬಂತು. ಮುಂದಿನ ಚಕ್ರಗಳು ನೇರವಾಗಿರುವಾಗ ಅದನ್ನು ಕೂರಿಸಿ, ಆಮೇಲಷ್ಟೇ ಬೀಗ ತೆಗೆಯಬೇಕು. ಈ ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಿ, ಏರ್‌ಬ್ಯಾಗ್ ಘಟಕದ ಕೆಪಾಸಿಟರ್ ಖಾಲಿಯಾಗಲು ಕೈಪಿಡಿ ಹೇಳಿದಷ್ಟು ಹೊತ್ತು ಕಾಯಲೇಬೇಕು. ಮತ್ತೊಂದು ಮಾತು: ಸ್ಕ್ಯಾನರ್ ಓಮ್ ತೋರಿಸುತ್ತದೆಂದು ಮಲ್ಟಿಮೀಟರನ್ನು ನೇರವಾಗಿ ಏರ್‌ಬ್ಯಾಗಿನ ತುದಿಗಳಿಗೆ ಹಿಡಿಯಬಾರದು. ಮೀಟರ್ ಹರಿಸುವ ಕರೆಂಟಿಗೂ ಅದು ಸಿಡಿಯಬಹುದು.

ಇಎಸ್‌ಪಿ ದೀಪದ ಕಥೆ ಇನ್ನೂ ಸ್ವಾರಸ್ಯದ್ದು. ಇಎಸ್‌ಪಿಯ ದೂರುಗಳೂ ದಾಖಲಾಗುವ ಎಬಿಎಸ್ ಘಟಕದಲ್ಲಿ ಸಿ0051, ಅಂದರೆ ಸ್ಟಿಯರಿಂಗ್ ಕೋನದ ಸೆನ್ಸರ್ ಕುರಿತ ದೂರು. ನೇರ ರಸ್ತೆಯಲ್ಲಿ ಅವನು ಓಡಿಸುತ್ತಿದ್ದಾಗ ನಾನು ಪಕ್ಕದಲ್ಲಿ ಕುಳಿತು ಅಂಕಿ ನೋಡಿದೆ: ಕಾರು ನೇರ ಹೋಗುತ್ತಿದ್ದರೂ ಕೋನ ಮೈನಸ್ 10 ಡಿಗ್ರಿಯ ಆಸುಪಾಸು. ಚಕ್ರವೂ ಕಣ್ಣಿಗೆ ಅಷ್ಟೇ ಓರೆ. ಈ ಕಾರಿನಲ್ಲಿ ಕಾಲಮ್ಮಿನ ತುದಿಗೆ 36 ಹಲ್ಲುಗಳಿವೆ, ಒಂದು ಹಲ್ಲು ತಪ್ಪಿದರೆ ಸರಿಯಾಗಿ 10 ಡಿಗ್ರಿ. ಕೋನದ ಸೆನ್ಸರ್ ಕ್ಲಾಕ್ ಸ್ಪ್ರಿಂಗಿನೊಳಗೇ ಇದ್ದು ಚಕ್ರದೊಂದಿಗೆ ತಿರುಗುವುದರಿಂದ ಅದೂ ಅಷ್ಟೇ ತಪ್ಪು ಹೇಳುತ್ತಿತ್ತು. ಸೆನ್ಸರ್ ಕಾಲಮ್ಮಿನ ಕೆಳಭಾಗದಲ್ಲಿರುವ ಕಾರುಗಳಲ್ಲಿ ಚಕ್ರ ಓರೆಯಿದ್ದರೂ ಅಂಕಿ ಸೊನ್ನೆಯೇ ಇರುತ್ತದೆ, ಆಗ ಇಎಸ್‌ಪಿ ದೀಪಕ್ಕೆ ಬೇರೆ ಕಾರಣ ಹುಡುಕಬೇಕು. ಚಕ್ರ ನೇರವಿದ್ದು ಅಂಕಿ ಮಾತ್ರ ತಪ್ಪಿದ್ದರೆ ಅದು ಸೊನ್ನೆ ಹೊಂದಿಸುವ ಕೆಲಸ. ಓರೆಯನ್ನು ಹಾಗೆಯೇ ಬಿಟ್ಟು ಸ್ಕ್ಯಾನರಿನಿಂದ ಸೊನ್ನೆ ಮಾಡಿಬಿಡು ಎಂದು ಭಾವಮೈದುನ ದುಂಬಾಲು ಬಿದ್ದ. ಒಪ್ಪಲಿಲ್ಲ. ಹೊಸ ಕ್ಲಾಕ್ ಸ್ಪ್ರಿಂಗ್ ಹಾಕುವಾಗಲೇ ಚಕ್ರವನ್ನು ಒಂದು ಹಲ್ಲು ಸರಿಸಿ, ನಡುವಿನ ಬೋಲ್ಟನ್ನು ಹೊಸದು ಹಾಕಿ, ಟಾರ್ಕ್ ವ್ರೆಂಚಿನಿಂದ ಬಿಗಿದ ಮೇಲಷ್ಟೇ ಸೊನ್ನೆ ಹೊಂದಿಸಲು ಹೊರಟೆ.

ಯಂತ್ರದ ಮೇಲೆ ಸಿಟ್ಟು ಬಂದದ್ದು ಅಲ್ಲಿಯೇ. ಮೆನುವಿನಲ್ಲಿ ಐದು ಮೆಟ್ಟಿಲು ಇಳಿದರೆ ಸಿಗುವ ಆ ಆಯ್ಕೆಯನ್ನು ಒತ್ತಿದಾಗ ಬಂದ ಉತ್ತರ: 'ವಿಫಲ'. ಏಕೆ ವಿಫಲ ಎಂಬುದಕ್ಕೆ ಒಂದು ಪದವೂ ಇಲ್ಲ. ಎಂಜಿನ್ ಚಾಲೂ ಇರಬೇಕೇ, ಬ್ಯಾಟರಿ ವೋಲ್ಟೇಜ್ ಇಳಿದಿದೆಯೇ, ಹಳೆಯ ಕೋಡ್ ಅಡ್ಡ ಬಂದಿದೆಯೇ, ಯಾವುದನ್ನೂ ಹೇಳದೆ ಬಾಯಿ ಮುಚ್ಚಿಕೊಂಡಿತು. ಕೊನೆಗೆ ಕೋಡ್‌ಗಳನ್ನು ಅಳಿಸಿ, ಎಂಜಿನ್ ಚಾಲೂ ಇಟ್ಟು, ಸಮತಟ್ಟಾದ ನೆಲದಲ್ಲಿ ಚಕ್ರ ನೇರ ಹಿಡಿದು ಒತ್ತಿದಾಗ ಕೆಲಸವಾಯಿತು. ಈ ಮೂರು ಸಾಲನ್ನು ಪರದೆಯ ಮೇಲೆ ಬರೆಯಲು ತಯಾರಕರಿಗೆ ಏನು ಕಷ್ಟವಿತ್ತೋ. ಕೆಲವು ಕಾರುಗಳು ಎರಡೂ ಬದಿಗೆ ಪೂರ್ತಿ ತಿರುಗಿಸಿ ತುಸು ದೂರ ನೇರ ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ. ಅಂಥ ಕಾರಿನವರಿಗೆ ಈ ಸೌಲಭ್ಯಕ್ಕಾಗಿ ಹಣ ಸುರಿಯುವ ಅಗತ್ಯವೇ ಬೀಳುವುದಿಲ್ಲ.

ಗುಂಡಿಗಳ ವಿಷಯದಲ್ಲಿ ಸ್ಕ್ಯಾನರ್ ಪೂರ್ತಿ ಮೂಕ. ಆ ಗುಂಡಿಗಳನ್ನು ಓದುವುದು ಸ್ಟೀರಿಯೊ, ನಾಲ್ಕು ವ್ಯವಸ್ಥೆಗಳ ಪಟ್ಟಿಯಲ್ಲಿ ಅದಿಲ್ಲ. ಇಲ್ಲಿ ನನ್ನ ಹಳೆಯ ಮಲ್ಟಿಮೀಟರೇ ಗೆದ್ದಿತು. ಗುಂಡಿಗಳ ಕನೆಕ್ಟರನ್ನು ಬಿಡಿಸಿ, ಒಂದೊಂದನ್ನೇ ಒತ್ತುತ್ತ ಹಳೆಯ ಚಕ್ರದ ಮತ್ತು ಹೊಸ ಚಕ್ರದ ಓಮ್ ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡೆ. ಈ ಕಾರಿನಲ್ಲಿ ಪ್ರತಿ ಗುಂಡಿಗೂ ಬೇರೆ ಬೇರೆ ರೋಧ, ಅದನ್ನು ನೋಡಿಯೇ ಸ್ಟೀರಿಯೊ ಯಾವ ಗುಂಡಿ ಎಂದು ತಿಳಿಯುತ್ತದೆ. ಮೇಲ್ದರ್ಜೆಯ ಕಾರಿನ ಗುಂಡಿಗಳ ರೋಧವೇ ಬೇರೆ. ಹಳೆಯ ಗುಂಡಿಗಳನ್ನೇ ಹೊಸ ಚಕ್ರಕ್ಕೆ ಕೂರಿಸಿದೆವು. ಇಂಡಿಕೇಟರ್ ಮಾತ್ರ ಯಾವ ಕೋಡಿಗೂ ಸಿಗದ ಯಾಂತ್ರಿಕ ದೋಷ; ಅದನ್ನು ಹಿಂದಕ್ಕೆ ತಳ್ಳುವ ಹಲ್ಲು ಆ ಹಳೆಯ ಕ್ಲಾಕ್ ಸ್ಪ್ರಿಂಗಿನಲ್ಲೇ ಇತ್ತು, ಹೊಸದು ಬಂದ ಮೇಲೆ ತಾನಾಗಿ ಸರಿಹೋಯಿತು.

ಯಂತ್ರದ ಮೈಕಟ್ಟು ಪರವಾಗಿಲ್ಲ. ಕೇಬಲ್ ಗಿಡ್ಡ, ಸ್ಟಿಯರಿಂಗ್ ತಿರುಗಿಸುತ್ತ ಪರದೆ ನೋಡಲು ಇನ್ನೊಬ್ಬರು ಬೇಕು. ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ. 'ಓದು' ಮತ್ತು 'ಅಳಿಸು' ಗುಂಡಿಗಳನ್ನು ಒತ್ತೊತ್ತಾಗಿ ಇಟ್ಟವರಿಗೆ ಈ ಕೆಲಸ ಮಾಡಿ ಗೊತ್ತಿಲ್ಲವೆಂದು ತೋರುತ್ತದೆ, ಅಳಿಸುವ ಮೊದಲು ಪರದೆಯ ಫೋಟೋ ತೆಗೆದಿಡಿ. ಹೊಸ ಕಾರುಗಳ ಮಾಹಿತಿ ತುಂಬಿಸಲು ಕಂಪ್ಯೂಟರ್ ಬೇಕು, ಮೊಬೈಲಿನಿಂದ ಆಗದು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಆ ಮೂರೂ ಲೈವ್ ಡೇಟಾಕ್ಕೆ, ಅರ್ಧ ಮಾದರಿಯನ್ನು ತಾನೇ ಗುರುತಿಸಿದ್ದಕ್ಕೆ. ಕೊಳ್ಳುವವರು ಡಬ್ಬದ ಮೇಲಿನ 'ಏರ್‌ಬ್ಯಾಗ್ ಓದುತ್ತದೆ' ಎಂಬ ಒಂದೇ ಸಾಲು ನಂಬಿ ಕೊಳ್ಳಬೇಡಿ. ಕೋಡ್ ಓದಿ ಅಳಿಸುವುದಕ್ಕೇ ಅದು ಮುಗಿದಿರಬಹುದು. ನಿಮ್ಮದೇ ಮಾದರಿ, ನಿಮ್ಮದೇ ವರ್ಷದ ಕಾರಿಗೆ ಏರ್‌ಬ್ಯಾಗ್ ಸರ್ಕಿಟ್ಟಿನ ರೋಧ ತೋರಿಸುತ್ತದೆಯೇ, ಸ್ಟಿಯರಿಂಗ್ ಕೋನ ಹೊಂದಿಸುತ್ತದೆಯೇ ಎಂದು ಮಾರುವವರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.